ಕಟ್ಟಿನ ಕೊನೆಯ ಓಲೆ

ಅವರ ಎಡಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಕಚ್ಚು ಇತ್ತು. ಬೇಕೆಂದೇ ಮಾಡಿಕೊಂಡದ್ದು. ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಬರೆಯುವಾಗ ಮೊನೆ ಜಾರದಂತೆ ಅದಕ್ಕೆ ಆನಿಸಿ ಹಿಡಿಯುತ್ತಿದ್ದರು. ಅಕ್ಷರ ಕಾಣಲೆಂದು ತಿಕ್ಕುವ ಕಾಡಿಗೆ ಸೇರಿ ಆ ಉಗುರು ಯಾವಾಗಲೂ ಕಪ್ಪು. ಕಸ ಮುಸುರೆಗೆಂದು ನಾನು ಆ ಮನೆ ಸೇರಿದ ದಿನ, ಈ ಮನುಷ್ಯ ಕೈ ತೊಳೆಯುವುದಿಲ್ಲವೇನೋ ಅಂದುಕೊಂಡೆ.

ಸಂಪಗಾಂವದಲ್ಲಿ ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಓಲೆಗಟ್ಟು. ಮಠದ ಕಟ್ಟಳೆಗಳನ್ನು ಬರೆದ ಬಹಳ ಹಳೆಯ ಕಟ್ಟು. ಯಾರನ್ನು ಪಂಕ್ತಿಯಿಂದ ಹೊರಗಿಡಬೇಕು, ಹೊರಗಿಟ್ಟವರನ್ನು ಹೇಗೆ ಕರೆದುಕೊಳ್ಳಬೇಕು, ಎಲ್ಲ ಅದರಲ್ಲಿತ್ತು. ಸುತ್ತಲಿನ ಊರವರು ಜಗಳ ಹೊತ್ತುಕೊಂಡು ಬರುತ್ತಿದ್ದರು, ಅವರು ಓಲೆ ತಿರುವಿ ಓದಿ ಹೇಳುತ್ತಿದ್ದರು. ಯಾರಾದರೂ ನಡುವೆ ಹಾರಾಡಿದರೆ ಒಂದೇ ಮಾತು: "ಮುಂದಿನ ಓಲಿ ಐತಿ, ಕುಂದರ್ರಿ."

ಒಮ್ಮೆ ಬೈಲಹೊಂಗಲದ ಕಡೆಯ ಗೌಡನೊಬ್ಬ ತಮ್ಮನನ್ನು ಎಳೆದುಕೊಂಡು ಬಂದ. ತಮ್ಮ ಉಣ್ಣಬಾರದವರ ಮನೆಯಲ್ಲಿ ಉಂಡಿದ್ದನಂತೆ. ಅಯ್ಯನವರು ಓದಿದರು. ಹೊರಗಿಡಬೇಕೆಂದೇ ಇತ್ತು.

"ಆತಲ್ಲ! ಕೇಳಿದ್ಯೇನಲೇ?" ಅಂತ ಅಣ್ಣ ಎದ್ದ.

"ಮುಂದಿನ ಓಲಿ ಐತಿ, ಕುಂದರ್ರಿ ಗೌಡ್ರ. ಹೊರಗಿಟ್ಟಾವನ್ನ ಹಿರ್ಯಾ ತಾನಾ ಕರದು ಬಾಜೂಕ ಕುಂದರಿಸಿಕೊಂಡು ಉಣ್ಣಬೇಕಂತ. ಇಬ್ರೂ ಇಲ್ಲೇ ಅದೀರಿ. ತಂಗೀ, ಎರಡ ತಾಟ ಹಚ್ಚು," ಅಂತ ನನಗೆ ಹೇಳಿದರು.

"ಅಯ್ಯಾರ, ಹೊರಗಿಟ್ಟು ಇನ್ನೂ ಎಲಿ ಅಡಕಿ ಹಾಕ್ಕೊಳ್ಳುವಷ್ಟೂ ಹೊತ್ತಾಗಿಲ್ರಿ!"

"ಎಷ್ಟ ಹೊತ್ತು ಇಡಬೇಕಂತ ಬರದಿಲ್ಲಪಾ."

ಅಣ್ಣ ಉರಿ ಮುಖದಲ್ಲೇ ಎರಡು ರೊಟ್ಟಿ ಉಂಡ. ತಮ್ಮ ನಾಲ್ಕು ಉಂಡ.

ಕಟ್ಟಿನ ಕೊನೆಯ ಓಲೆಯಲ್ಲಿ ಕಟ್ಟಳೆ ಇರಲಿಲ್ಲ. ಕಟ್ಟು ಯಾರಿಂದ ಯಾರಿಗೆ ಬಂತೆಂದು ಇಟ್ಟುಕೊಂಡವರೇ ತಮ್ಮ ತಮ್ಮ ಕೈಯಿಂದ ಬರೆದಿದ್ದರು. ಕಿತ್ತೂರಿನಲ್ಲಿ ಬರೆಸಿದ್ದು. ಸವದತ್ತಿ ಸೀಮೆಯ ಒಂದು ಮಠಕ್ಕೆ ಹೋದದ್ದು. ಆ ಮಠದವರು ಸಾಲಹಳ್ಳಿಯ ಒಂದು ಮನೆತನಕ್ಕೆ ತಾವಾಗಿ ಒಪ್ಪಿ ಕೊಟ್ಟದ್ದು. ಆ ಮನೆಯ ಮಗಳ ಜೊತೆ ಬಳುವಳಿಯಾಗಿ ಕಟಕೋಳಕ್ಕೆ ಹೋದದ್ದು. ಆ ಮಗಳು ಅಯ್ಯನವರ ಅಜ್ಜಿ. ಎಲ್ಲಕ್ಕಿಂತ ಕೆಳಗೆ ಅಯ್ಯನವರ ಹೆಸರು, ಸಂಪಗಾಂವ.

ನಾನು ಸಾಲೆಯ ಮುಖ ಕಂಡವಳಲ್ಲ. ಅಯ್ಯನವರು ನನಗೆ ಅಕ್ಷರ ಕಲಿಸಿದ್ದು ಆ ಓಲೆಯ ಮೇಲೆಯೇ. ಊರ ಹೆಸರು ಬಾಯಲ್ಲಿ ಇದ್ದೇ ಇರುತ್ತವೆ, ಕಣ್ಣಿಗೆ ಬೇಗ ಹತ್ತುತ್ತವೆ ಎನ್ನುತ್ತಿದ್ದರು. ಊರ ಹಿರಿಯರೊಬ್ಬರು ಬಂದು ಮುಖ ಸಿಂಡರಿಸಿದರು.

"ಕಟ್ಟಳೀ ಕಟ್ಟು ಒಯ್ದು ಮುಸುರಿ ತಿಕ್ಕಾಕಿ ಕೈಯಾಗ ಕೊಟ್ಟೀರಲ್ರಿ ಅಯ್ಯಾರ!"

"ಕೊಡಬಾರದಂತ ಯಾ ಓಲ್ಯಾಗ ಐತಿ, ತೋರಸ್ರಿ."

ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಕಟ್ಟು ಬಿಚ್ಚಿ, ಓಲೆಗಳಿಗೆ ಕಾಡಿಗೆ ತಿಕ್ಕಿ, ಒರೆಸಿ, ಎಣ್ಣೆ ಸವರಿ ನೆರಳಿನಲ್ಲಿ ಹರವಬೇಕು. ಮೂರು ವರ್ಷ ಅವರ ಕಣ್ಣೆದುರಿಗೆ ಮಾಡಿದೆ. ನಾಲ್ಕನೆಯ ವರ್ಷ ಅವರು ಬೈಲಹೊಂಗಲಕ್ಕೆ ಹೋದಾಗ ಒಬ್ಬಳೇ ಮಾಡಿದೆ. ಕೊನೆಯ ಓಲೆ ಕಟ್ಟಿನ ಅಡಿಯ ಹಲಗೆಗೆ ಅಂಟಿ ಬೂಸು ಹಿಡಿದಿತ್ತು. ಹಪ್ಪಳ, ಸಂಡಿಗೆ ಒಣಗಿಸಿದ ಕೈ ನನ್ನದು. ಬೂಸಿಗೆ ಬಿಸಿಲೇ ಮದ್ದೆಂದು ಅದೊಂದನ್ನು ಅಂಗಳದ ಕಾದ ಪರಸಿಕಲ್ಲಿನ ಮೇಲೆ ಇಟ್ಟೆ. ರೊಟ್ಟಿ ಬಡಿದು ಹೊರಗೆ ಬರುವಷ್ಟರಲ್ಲಿ ಸುರುಳಿ ಸುತ್ತಿಕೊಂಡಿತ್ತು. ನೆಟ್ಟಗೆ ಮಾಡಲು ಅಂಗೈಯಿಂದ ಒತ್ತಿದೆ. ಚೂರು ಚೂರಾಯಿತು. ಚೂರನ್ನೆಲ್ಲ ಬಳಿದು ಒಲೆಗೆ ಹಾಕಿದೆ. ಉಳಿದ ಓಲೆಗಳನ್ನು ಕಟ್ಟಿ ಗೋಡೆಯ ಮಾಡದಲ್ಲಿಟ್ಟೆ. ಅಯ್ಯನವರು ಬಂದು "ಎಲ್ಲಾ ಆತೇನ ತಂಗಿ?" ಅಂದರು. "ಹೂಂರಿ" ಅಂದೆ.

ಒಂದು ತಿಂಗಳಲ್ಲಿ ಸವದತ್ತಿ ಸೀಮೆಯ ಆ ಮಠದಿಂದ ಕರೆ ಬಂತು. ಕಟ್ಟು ಹೊತ್ತುಕೊಂಡು ನಾನೂ ಜೊತೆಗೆ ಹೋದೆ. ಮಠದ ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರು.

"ನಿಮ್ಮ ಹಿರ್ಯಾರು ಓದಾಕಂತ ಒಯ್ದ ಕಟ್ಟು ಇದು. ತಿರುಗಿ ಕೊಡ್ರಿ," ಅಂದರು.

"ಓದಾಕ ಒಯ್ದದ್ದಲ್ರಿ, ನೀವಾ ಕೊಟ್ಟದ್ದು. ಕೊನೀ ಓಲಿ ನೋಡ್ರಿ," ಅಂತ ಅಯ್ಯನವರು ನಗುತ್ತಲೇ ಕಟ್ಟು ಬಿಚ್ಚಿದರು.

ಕೊನೆಯ ಓಲೆ ಇರಲಿಲ್ಲ. ಎರಡು ಸಲ ತಿರುವಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಒಬ್ಬರು ಕೇಳಿದರು, "ಈಕಿ ಕೈಯಾಗ ಕಟ್ಟು ಇರತೈತಂತಲ್ಲ. ಏನಬೇ, ನೀ ನೋಡೀಯೇನ ಆ ಓಲಿ?"

"ನನಗ ಓದಾಕ ಬರೂದಿಲ್ರಿ," ಅಂದೆ.

ನಿಜ ಹೇಳಿದರೆ ಹೆಣ್ಣಾಳಿನ ಕೈಗೆ ಕೊಟ್ಟು ಹಾಳುಮಾಡಿದರೆಂದು ಅವರನ್ನೇ ಬೈಯುತ್ತಾರೆ, ಅವರ ಮಾನ ಉಳಿಯಲೆಂದು ಸುಮ್ಮನಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನನಗೆ ನನ್ನ ಕೆಲಸದ ಚಿಂತೆ ಇತ್ತು, ಅಷ್ಟೇ.

ಅಯ್ಯನವರು ಹೇಳಿದರು, "ನಾನಾ ಎಲ್ಲೋ ಕಳದೇನ್ರಿ. ಆಕಿನ್ನ ಕೇಳಬ್ಯಾಡ್ರಿ."

"ಕಳದಿರೋ, ನಿಮಗ ಬ್ಯಾಡಾದದ್ದು ಬರದಿತ್ತಂತ ಹರದು ಒಗದಿರೋ?" ಅಂತ ಯಾರೋ ಅಂದರು. ಎಲ್ಲರೂ ನಕ್ಕರು. ಕಟ್ಟು ಅಲ್ಲೇ ಉಳಿಯಿತು.

ಬಸ್ಸಿನಲ್ಲಿ ಬಹಳ ದೂರ ಬಂದ ಮೇಲೆ ಕೇಳಿದರು, "ಏನಾತ ತಂಗಿ ಅದು?"

"ಬಿಸಲಿಗೆ ಮುರೀತ್ರಿ. ಒಲಿಗೆ ಹಾಕಿದೆ."

"ನೆರಳಾಗ ಅಂತ ಹೇಳಿದ್ನಲ್ಲ," ಅಂದರು. ಮತ್ತೆ ಆ ವಿಷಯ ಎತ್ತಲಿಲ್ಲ. ಕೆಲಸದಿಂದ ಬಿಡಿಸಲೂ ಇಲ್ಲ. ಬೈದಿದ್ದರೆ ನಾನು ತಿರುಗಿ ಹೋಗಿ ಹೇಳುತ್ತಿದ್ದೆನೋ ಏನೋ.

ಆಮೇಲೆ ಜಗಳ ಹೊತ್ತು ಯಾರೂ ಬರಲಿಲ್ಲ. ಕಟ್ಟಿಲ್ಲ, ಮೇಲೆ ಕಳ್ಳ ಎಂಬ ಹೆಸರು. ಅವರು ಹೊಸ ಗರಿ ತಂದು, ನೆನಪಿದ್ದಷ್ಟು ಕಟ್ಟಳೆ ಬರೆಯಲು ಕುಳಿತರು. ನಾಲ್ಕಾರು ಓಲೆ ಆದವು. ಎರಡು ವರ್ಷಕ್ಕೆ ಹೋಗಿಬಿಟ್ಟರು. ಮಣ್ಣು ಕೊಡಲು ಬಂದವರಲ್ಲಿ ಇಬ್ಬರು, ಮಠದ ಕಟ್ಟು ನುಂಗಿದ ಮನುಷ್ಯ ಅಂತ ನನ್ನ ಹಿಂದೆಯೇ ಮಾತಾಡಿಕೊಂಡರು. ನಾನು ತಿರುಗಿ ನೋಡಲಿಲ್ಲ.

ಈಗ ಆ ಕಟ್ಟು ಮಠದಲ್ಲಿ ಗಾಜಿನ ಕಪಾಟಿನಲ್ಲಿದೆ. ಹೋದ ತಿಂಗಳು ಒಬ್ಬಳೇ ಬಸ್ಸು ಹತ್ತಿ ಹೋಗಿ ನೋಡಿದೆ. ಪಕ್ಕದಲ್ಲಿ ಚೀಟಿ ಹಚ್ಚಿದ್ದಾರೆ: ಓದಲು ಒಯ್ದು ಮರಳಿಸದವರಿಂದ ಬಿಡಿಸಿ ತಂದದ್ದು.

ಅಲ್ಲಿದ್ದವನಿಗೆ ಹೇಳಿದೆ, "ತಮ್ಮಾ, ಈ ಚೀಟಿ ಸುಳ್ಳೈತಿ."

"ಪುರಾವೆ ಏನೈತಿ ಆಯೀ?"

"ಪುರಾವೆ ನಾನಾ ಸುಟ್ಟೇನಿ."

ಅವನು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಬರದ ಕೊಡ್ರಿ, ಹಿರ್ಯಾರಿಗೆ ತೋರಸ್ತೇನಿ. ಬರಿಯಾಕ ಬರತೈತಿಲ್ಲೋ?"

"ಬರತೈತಿ," ಅಂದೆ. ಆ ಮಠದಲ್ಲಿ ಇಷ್ಟು ವರ್ಷದ ಮೇಲೆ ಹೇಳಿದೆ.

ಬೆಂಚಿನ ಮೇಲೆ ಕುಳಿತು, ಓಲೆಯಲ್ಲಿದ್ದದ್ದನ್ನು ಕಿತ್ತೂರಿನಿಂದ ಸಂಪಗಾಂವದವರೆಗೆ ಬರೆದುಕೊಟ್ಟೆ. ಮಠದವರು ಇನ್ನೂ ಏನೂ ತಿಳಿಸಿಲ್ಲ. ಚೀಟಿ ಹಾಗೇ ಇರಬಹುದು. ಅದಕ್ಕೇ ಇಲ್ಲಿಯೂ ಬರೆಯುತ್ತಿದ್ದೇನೆ. ಅಯ್ಯನವರು ಕಳ್ಳರಲ್ಲ. ಓಲೆ ಸುಟ್ಟವಳು ನಾನು. ಇಷ್ಟನ್ನು ಅಂದು ಕಟ್ಟೆಯ ಮುಂದೆ ನಿಂತು ಹೇಳಲು ನನಗೆ ಅಕ್ಷರವೇ ಬೇಕಾಗಿರಲಿಲ್ಲ.