ಅಜ್ಜಿಯ ಊಟಕ್ಕೆ ಕಾದ ಸೂರ್ಯ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಜೀಪು ಹಸಿರು ಬಣ್ಣದ್ದು ಎಂದು ನನಗೆ ನೆನಪು. ಬೂದು ಎನ್ನುತ್ತಾನೆ ತಮ್ಮ. ಆದರೆ ಆ ದಿನ ಬಹಳ ಹೊತ್ತು ಅವನ ತಲೆ ಪಾತ್ರೆಯೊಳಗೆ ಇದ್ದುದರಿಂದ ಅವನ ಸಾಕ್ಷ್ಯವನ್ನು ನಾನು ಒಪ್ಪುವುದಿಲ್ಲ. ನನ್ನದನ್ನೂ ಪೂರ್ತಿ ನಂಬುವುದಿಲ್ಲ. ದಿನಚರಿ ಬರೆಯುವ ಅಭ್ಯಾಸ ಶುರುವಾದದ್ದು ವಿಶ್ವವಿದ್ಯಾಲಯ ಸೇರಿದ ಮೇಲೆ. ಈ ಪ್ರವಾಸದ ಹೊತ್ತಿಗೆ ನನಗೆ ಏಳೋ ಎಂಟೋ ವರ್ಷ. ಹೇಳಿದಾಗಲೆಲ್ಲ ಕತೆ ಸ್ವಲ್ಪ ಚೆಂದವಾಗುತ್ತಾ ಬಂದಿದೆ. ನನ್ನ ಅನುಮಾನಕ್ಕೆ ಅದೇ ಕಾರಣ.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಅಪ್ಪನಿಗೆ ಅದು ತನಗೇ ಸಿಕ್ಕ ಬಡ್ತಿಯಂತೆ. ಪ್ರತಿ ಬೇಸಿಗೆ ರಜೆಯಲ್ಲೂ ಮೈಸೂರಿಗೆ ಕರೆದೊಯ್ಯುತ್ತೇನೆಂದು ಹೇಳಿ ಕರೆದೊಯ್ಯದೆ ಇರುತ್ತಿದ್ದವರು, ಆ ವರ್ಷ "ಸ್ವಂತ ಜಿಲ್ಲೆ ಇಟ್ಕೊಂಡು ಬೇರೆಯವರ ಊರು ಯಾಕೆ ನೋಡ್ಬೇಕು?" ಎಂದರು. ಮೀನಂಗಡಿ ಪಕ್ಕದ ನಮ್ಮ ಮನೆಯಿಂದ ತೃಶ್ಶಿಲೇರಿಗೆ ಹೋಗುವುದು, ಅಲ್ಲಿ ಗದ್ದೆಯಂಚಿಗಿದ್ದ ಅಪ್ಪನ ಗೆಳೆಯರ ಖಾಲಿ ಮನೆಯಲ್ಲಿ ಮೂರು ದಿನ ಇರುವುದು ಎಂದು ತೀರ್ಮಾನವಾಯಿತು. ಹೊರಟವರು ಅಪ್ಪ, ಅಮ್ಮ, ಅಜ್ಜಿ, ಅಪ್ಪನ ತಂಗಿಯಾದ ನನ್ನ ಅತ್ತೆ, ನಾನು, ತಮ್ಮ, ಮತ್ತು ದಾರಿಯುದ್ದಕ್ಕೂ ಅಳಲೆಂದೇ ಬಂದಂತಿದ್ದ ಕೈಗೂಸು ತಂಗಿ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂಬ ನಿಯಮವನ್ನು ನಾವೆಲ್ಲ ಅನುಕೂಲ ನೋಡಿಕೊಂಡು ಪಾಲಿಸುತ್ತಿದ್ದೆವು, ಅಜ್ಜಿ ಮಾತ್ರ ಅನುಕೂಲ ನೋಡುತ್ತಿರಲಿಲ್ಲ. ಮುಳುಗಿದ ಮೇಲೆ ಆಕೆ ನೀರನ್ನೂ ಮುಟ್ಟುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ಚತುರ್ದಶಿ, ಆಕೆಗೆ ಪೂರ್ತಿ ಉಪವಾಸ. ಬೆಳಿಗ್ಗೆಯೂ ಒಂದು ಲೋಟ ಗಂಜಿ ಕುಡಿದದ್ದಷ್ಟೇ. ಜೀಪಿನ ಕುಲುಕಾಟಕ್ಕೆ ಹೊಟ್ಟೆ ತುಂಬಿಸಿಕೊಂಡು ಕೂರುವುದು ಆಕೆಗೆ ಆಗದು. "ಹೋಗಿ ಇಳಿದು, ನೆಮ್ಮದಿಯಾಗಿ ಉಣ್ತೀನಿ" ಎಂದು ತನ್ನ ಟಿಫಿನ್ ಕ್ಯಾರಿಯರನ್ನು ತೊಡೆಯ ಮೇಲೆ ಇಟ್ಟುಕೊಂಡಿತ್ತು ಅಜ್ಜಿ.

"ಆರೂವರೆ ದಾಟೋವರೆಗೂ ಬಿಸಿಲಿರುತ್ತಮ್ಮ, ನಾನು ಲೆಕ್ಕ ಹಾಕಿದ್ದೀನಿ" ಎಂದರು ಅಪ್ಪ. ಲೆಕ್ಕ ಹಾಕಿದ್ದು ನಮ್ಮ ಮನೆಯ ಜಗುಲಿಯಲ್ಲಿ ಕೂತು. ಎಲ್ಲ ಕೆಟ್ಟದ್ದು ಅಲ್ಲೇ.

ಪನಮರಂ ದಾಟುವಾಗ ತಮ್ಮ ಅಜ್ಜಿಯ ನೀರು ಸೋಸುವ ಹಿತ್ತಾಳೆ ತಪ್ಪಲೆಯನ್ನು ತಲೆಗೆ ಹಾಕಿಕೊಂಡು "ನಾನು ಕಲೆಕ್ಟರ್!" ಎಂದು ಘೋಷಿಸಿದ. ಹೊಸ ಜಿಲ್ಲೆಗೆ ಕಲೆಕ್ಟರ್ ಬಂದಿದ್ದಾರೆಂದು ಮನೆಯಲ್ಲಿ ದಿನಾ ಕೇಳಿದ್ದನಲ್ಲ. ಒಂದು ಗುಂಡಿಗೆ ಜೀಪು ಎತ್ತಿ ಹಾಕಿತು. ತಪ್ಪಲೆ ಕಿವಿಯಿಂದ ಕೆಳಗಿಳಿದು ಅಲ್ಲೇ ಕಚ್ಚಿಕೊಂಡಿತು.

ಮಾನಂತವಾಡಿಯ ಒಂದು ಚಹಾದಂಗಡಿ ಮುಂದೆ ಜೀಪು ನಿಂತಿತು. ಜನ ಸೇರಿದರು. ಎಳೆಯಿರಿ ಎಂದ ಒಬ್ಬ, ಎಳೆಯಬೇಡಿ ತಿರುಗಿಸಿ ಎಂದ ಇನ್ನೊಬ್ಬ. ಗರಗಸ ತರಲು ಹೊರಟವನನ್ನು ಅಮ್ಮ ಸೆರಗು ಕಟ್ಟಿ ತಡೆದಳು. ತಪ್ಪಲೆಯೊಳಗಿಂದ ಗುಹೆಯ ದನಿಯಲ್ಲಿ "ನಂಗೆ ಬನ್ನು ಬೇಕು" ಎಂದು ಕೇಳಿತು. ಅತ್ತೆ ಅಂಚಿನಡಿಯಿಂದ ಬನ್ನು ತುರುಕಿದರು.

"ವೆಳಿಚ್ಚೆಣ್ಣ ಪುರಟ್ಟು, ಚೇಚಿ" ಎಂದು ಅಂಗಡಿಯವನು ತೆಂಗಿನೆಣ್ಣೆಯ ಶೀಶೆ ತಂದುಕೊಟ್ಟ.

"ಕಲೆಕ್ಟರ್ ಸಾಹೇಬ್ರೇ, ಸ್ವಲ್ಪ ಬಗ್ಗಿ" ಎಂದಿತು ಅಜ್ಜಿ.

ಎಣ್ಣೆ ಸುರಿದ ಮೇಲೆ ತಪ್ಪಲೆ ಬಂತು. ಆದರೆ ಎಣ್ಣೆ, ಬನ್ನು, ಕಣ್ಣೀರು ಎಲ್ಲ ಅಂಟಿದ ತಪ್ಪಲೆಯಲ್ಲಿ ಅಜ್ಜಿ ನೀರು ಸೋಸುವುದುಂಟೇ? ಹುಣಸೆಹಣ್ಣು ತರಿಸಿ, ಬೂದಿ ಕೇಳಿ ಪಡೆದು, ಚಹಾದಂಗಡಿಯ ಹಿಂದೆಯೇ ಕೂತು ಉಜ್ಜಿತು. ಅಪ್ಪ ಗಡಿಯಾರ ನೋಡಿ "ಸಮಯ ಬೇಕಾದಷ್ಟಿದೆ" ಎಂದರು. ಅಪ್ಪ ಹಾಗೆ ಎಂದಾಗಲೆಲ್ಲ ಅಮ್ಮ ತಂಗಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸುತ್ತಿದ್ದಳು.

ತೃಶ್ಶಿಲೇರಿ ತಲುಪಿದಾಗ ಇನ್ನೂ ಆರಾಗಿರಲಿಲ್ಲ. ಅಮ್ಮ ಜಗುಲಿಯಲ್ಲಿ ಚಾಪೆ ಹಾಸಿದಳು, ನಮ್ಮೆಲ್ಲರ ಪುಳಿಯೋಗರೆಯ ಡಬ್ಬಿ ಇಳಿಸಿದಳು, ಅಜ್ಜಿಗೆ ಎಲೆ ಹಾಕಿದಳು. ಅಜ್ಜಿ ನೀರು ಸೋಸಿ, ಕೈಕಾಲು ತೊಳೆದು ಬಂದು ಕೂರುವಷ್ಟರಲ್ಲಿ ಅಂಗಳ ಮಬ್ಬಾಯಿತು. ಎದುರಿನ ದೊಡ್ಡ ಗುಡ್ಡ ಸೂರ್ಯನನ್ನು ನುಂಗಿಬಿಟ್ಟಿತ್ತು.

ಅಜ್ಜಿ ಎಲೆ ಮಡಿಸಿತು. "ಮುಳುಗ್ತು."

"ಮುಳುಗಿಲ್ಲಮ್ಮ, ಗುಡ್ಡದ ಹಿಂದೆ ಹೋಗಿದೆ ಅಷ್ಟೇ."

"ಮುಳುಗೋದು ಅಂದ್ರೆ ಮತ್ತೇನೋ?"

ಕಾಲೇಜಿನಲ್ಲಿ ಭೂಗೋಳ ಓದುತ್ತಿದ್ದ ಅತ್ತೆ ದಿಗಂತ, ಭೂಮಿಯ ತಿರುಗಾಟ ಅಂತ ಏನೋ ಶುರುಮಾಡಿದರು. "ಭೂಮಿ ತಿರುಗಲಿ ಬಿಡು, ನಾನು ಇಲ್ಲೇ ಕೂತಿದ್ದೀನಲ್ಲ" ಎಂದಿತು ಅಜ್ಜಿ. ತಮಾಷೆಯಾಗಿಯೇ ಅಂದದ್ದು. ಆದರೆ ಚಾಪೆಯಿಂದ ಏಳುವಾಗ ಗೋಡೆ ಹಿಡಿದುಕೊಂಡದ್ದನ್ನು ಎಲ್ಲರೂ ನೋಡಿದೆವು. ನಾಳೆ ಬೆಳಗಿನವರೆಗೆ ಆ ಹೊಟ್ಟೆಗೆ ಒಂದು ಗುಟುಕು ನೀರೂ ಇಲ್ಲ. ಅತ್ತೆಯ ಮುಖ ಸಣ್ಣದಾಯಿತು.

ಆಗ ಅವರೇ ಬೆನ್ನಹಿಂದಿನ ದಿಬ್ಬ ತೋರಿಸಿ "ಅಣ್ಣಾ, ಅಲ್ಲಿ ನೋಡು, ಬಿಸಿಲಿದೆ!" ಎಂದರು. ಮೂಡಣದ ಆ ದಿಬ್ಬದ ಕಾಫಿತೋಟದ ಮೇಲ್ಭಾಗ ಇನ್ನೂ ಹೊನ್ನಿನ ಬಣ್ಣದಲ್ಲಿತ್ತು.

"ಹತ್ತಿ ಎಲ್ಲರೂ! ವೇಗಂ, ವೇಗಂ!" ಗಡಿಬಿಡಿಯಲ್ಲಿ ಅಪ್ಪನ ಬಾಯಿಗೆ ಮಲಯಾಳವೇ ಬರುವುದು.

ಎಲೆ, ಕ್ಯಾರಿಯರ್, ತಪ್ಪಲೆ, ಮಕ್ಕಳು, ಅಜ್ಜಿ ಎಲ್ಲ ಮತ್ತೆ ಜೀಪಿಗೆ. ನಾವು ಒಂದು ತಿರುವು ಹತ್ತಿದರೆ ಬಿಸಿಲು ಎರಡು ತಿರುವು ಹತ್ತುತ್ತಿತ್ತು. ತಮ್ಮ "ಅಮ್ಮಾ, ಒಂದಕ್ಕೆ" ಎಂದ. "ಹಿಡ್ಕೋ!" ಎಂದು ನಾವೆಲ್ಲ ಒಟ್ಟಿಗೆ ಕೂಗಿದೆವು. ತಂಗಿ ಹೆದರಿ ಅಳು ನಿಲ್ಲಿಸಿದಳು. ಆ ಪ್ರವಾಸದಲ್ಲಿ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆದದ್ದು ಅದೊಂದೇ.

ದಾರಿ ಮುಗಿದಲ್ಲಿ ಬಿಸಿಲೂ ಮುಗಿದಂತಿತ್ತು. ಆದರೆ ಅಲ್ಲೊಂದು ಏರುಮಾಡ ಇತ್ತು, ಆನೆ ಕಾಯಲು ಮರದ ಮೇಲೆ ಕಟ್ಟಿದ ಅಟ್ಟಣೆ. ಅತ್ತೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಬಿದಿರೇಣಿ ಹತ್ತಿದರು. ಚಪ್ಪಲಿ ಕಾಯುವ ಕೆಲಸ ನನ್ನದು.

"ಇದೆ! ಅಮ್ಮಾ, ಕಾಣ್ತಿದೆ! ಉಣ್ಣು!"

"ಎಷ್ಟಿದೆ?"

"ಅರ್ಧ!"

ಅಮ್ಮ ಬೆಂಚಿಯಂಥ ಒಂದು ಬಂಡೆಯ ಮೇಲೆ ಎಲೆ ಹಾಸಿ ಬಡಿಸಿದಳು. ನಾಲ್ಕು ತುತ್ತು ಉಂಡು ಅಜ್ಜಿ ಕತ್ತೆತ್ತಿತು. "ಈಗ?"

"ಕಾಲು!"

ಅಜ್ಜಿ ಬೇಗ ಬೇಗ ಉಂಡಿತು. "ಈಗೆಷ್ಟೇ?"

"ಕಾಲೇ ಇದೆ, ನಿಧಾನ ಉಣ್ಣು!"

ಸಾರನ್ನ ಮುಗಿಯಿತು. "ಇನ್ನೂ ಕಾಲಾ?"

"ಇನ್ನೂ ಕಾಲು!"

ಮಜ್ಜಿಗೆ ಅನ್ನವೂ ಮುಗಿದು, ಅಜ್ಜಿ ಎರಡು ಲೋಟ ನೀರು ಕುಡಿದು, ಬಾಯಿ ಮುಕ್ಕಳಿಸಿ, ಬೆರಳು ಒರೆಸಿಕೊಂಡ ಮರುಕ್ಷಣ ಮೇಲಿನಿಂದ ಕೂಗು ಬಂತು: "ಹಾಂ, ಈಗ ಮುಳುಗ್ತು!"

ಅಪ್ಪ ಕೆಮ್ಮಿದರು. ಅಮ್ಮ ಎಲೆ ಎತ್ತುವ ನೆಪದಲ್ಲಿ ಆಚೆ ತಿರುಗಿದಳು. ತಮ್ಮ ಇನ್ನು ಹಿಡಿದುಕೊಳ್ಳಲಾರದೆ ಏರುಮಾಡದ ಬುಡಕ್ಕೇ ಹೊಯ್ದ.

ಕೆಳಗೆ ಬಂದರೆ ಜಗುಲಿಯಲ್ಲಿ ಬಿಟ್ಟುಬಂದಿದ್ದ ಪುಳಿಯೋಗರೆಯನ್ನು ಮಂಗಗಳು ಮುಗಿಸಿದ್ದವು, ಡಬ್ಬಿಯ ಮುಚ್ಚಳ ಹೆಂಚಿನ ಮೇಲಿತ್ತು. ತುಂಬಿದ ಹೊಟ್ಟೆಯ ಅಜ್ಜಿ ಗೋಡೆಗೊರಗಿ "ನಿಮಗೆಲ್ಲ ಇವತ್ತು ತಾನಾಗಿ ಒಪ್ಪೊತ್ತಾಯ್ತು, ಪುಣ್ಯ ಬರುತ್ತೆ" ಎಂದಿತು. ಮಾರನೇ ದಿನ ಬೆಳಿಗ್ಗೆಯೇ ವಾಪಸ್ ಹೊರಟೆವು. ಅಪ್ಪ ಮತ್ತೆಂದೂ ಸ್ವಂತ ಜಿಲ್ಲೆಯ ಮಾತೆತ್ತಲಿಲ್ಲ.

ನನ್ನ ನೆನಪಿನಲ್ಲಿ ಒಬ್ಬ ಸೂರ್ಯ ಇದ್ದಾನೆ, ಕೆಂಪಗೆ, ಕಾಲು ಭಾಗ, ಗುಡ್ಡದಂಚಿಗೆ ಅಂಟಿಕೊಂಡು. ಆದರೆ ನಾನು ನಿಂತಿದ್ದದ್ದು ಕೆಳಗೆ, ಚಪ್ಪಲಿಯ ಜೊತೆ. ಅಲ್ಲಿಂದ ಕಾಣುವ ಹಾಗಿದ್ದರೆ ಅತ್ತೆ ಹತ್ತಬೇಕಾಗಿಯೇ ಇರಲಿಲ್ಲ. ಈ ಸೂರ್ಯನನ್ನು ನಾನು ಎಲ್ಲಿಂದ ತಂದುಕೊಂಡೆ? ನಿಜವಾಗಿ ಕಂಡಿರಬಹುದಾದದ್ದು ಇನ್ನೊಂದು: ಅಟ್ಟಣೆಯ ಅಂಚಿನಿಂದ ಬಗ್ಗಿದ ಅತ್ತೆಯ ಮುಖ, ಅಜ್ಜಿಯ ಎಲೆಯಲ್ಲಿ ಎಷ್ಟು ಅನ್ನ ಉಳಿದಿದೆ ಎಂದು ನೋಡುತ್ತಿತ್ತು. ಇದೂ ನಾನೇ ಸೇರಿಸಿದ್ದಿರಬಹುದು.

ಅಜ್ಜಿ ಈಗಿಲ್ಲ. ಹೊತ್ತು ಮುಳುಗುವ ಮುನ್ನ ಉಣ್ಣುವವರು ಈಗ ಅತ್ತೆ, ಅಜ್ಜಿಗಿಂತಲೂ ಬಿಗಿ. ಕಳೆದ ಸಲ ಹೋದಾಗ ಅವರು ಸಂಜೆಯ ಊಟಕ್ಕೆ ಕೂತಿದ್ದರು. ನಾನು ಬಡಿಸುತ್ತಾ ಕೇಳಿದೆ: "ಅತ್ತೆ, ಅವತ್ತು ನೀವು ಇನ್ನೂ ಕಾಲು ಇನ್ನೂ ಕಾಲು ಅಂತ ಕೂಗ್ತಿದ್ದಾಗ ಯಾವ ಕಡೆ ನೋಡ್ತಿದ್ರಿ?"

ಅತ್ತೆ ಕಿಟಕಿಯಾಚೆ ಪಡುವಣಕ್ಕೊಮ್ಮೆ ನೋಡಿದರು. ಆಮೇಲೆ ಮಜ್ಜಿಗೆಗೆ ಕೈ ಚಾಚಿದರು.