ನಾಯಿಗೆ ಅರ್ಧ ಗಂಜಿ, ನನಗೂ ಅರ್ಧ

ನಮ್ಮ ಹಸು ನನ್ನ ಕೈಗಲ್ಲದೆ ಬೇರೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ. ಅಂಥದರಲ್ಲಿ ನನ್ನ ಬೆರಳ ಗಂಟುಗಳು ಊದಿಕೊಂಡು, ಬೆಳಿಗ್ಗೆ ಮುಷ್ಟಿ ಕಟ್ಟಲೂ ಆಗದಂತಾದವು. “ಕೈ ಸರಿಯಾಗ್ದಿದ್ರೆ ಹಸುನ ಕೊಟ್ಬಿಡೋಣ” ಎಂದ ಮಗ. ಬೇಕಾದರೆ ಇವನನ್ನೇ ಕೊಟ್ಟೇನು ಎಂದುಕೊಂಡು ಆಸ್ಪತ್ರೆಗೆಂದು ಕಲ್ಪೆಟ್ಟದ ಬಸ್ಸು ಹತ್ತಿದೆ.

ಡಾಕ್ಟರಮ್ಮ ಮಲಯಾಳದಲ್ಲಿ ಹೇಳಿದ್ದು ನನಗೂ ತಿಳಿಯಿತು. ಆದರೂ ಜೊತೆಗೆ ಬಂದ ಮೊಮ್ಮಗಳು, ನರ್ಸಿಂಗ್ ಓದುವವಳು, ಅದನ್ನೇ ಕನ್ನಡದಲ್ಲಿ ಜೋರಾಗಿ ಹೇಳಿದಳು, ನಾನೇನೋ ಕಿವುಡಿ ಎಂಬಂತೆ.

“ಅಜ್ಜಿ, ರೋಗ ಬರದಂಗೆ ಮೈ ಕಾಯೋ ಜೀವಕಣಗಳೇ ನಿನ್ನ ಗಂಟು ಕಚ್ತಾ ಅವೆ. ಕೆರಳಿದ್ಮೇಲೆ ಅವಕ್ಕೆ ಹೊಟ್ಟೆಬಾಕತನ, ಮರಿ ಹಾಕೋ ಆತುರ. ಮರಿ ಹಾಕಕ್ಕೆ ಬೇಕಾದ ಸಾಮಾನು ತಯಾರಾಗದಂಗೆ ಈ ಗುಳಿಗೆ ತಡೀತದೆ. ಅವು ಶಕ್ತಿಗೆ ಉರಿಸೋ ಸಕ್ಕರೆನೇ ತಡೆಯೋ ಮದ್ದೂ ದೊಡ್ಡ ಡಾಕ್ಟ್ರುಗಳು ಹುಡುಕ್ತಾ ಅವ್ರಂತೆ.”

“ಅಂದ್ರೆ ಕಾವಲುನಾಯಿ ಮನೆಯವರನ್ನೇ ಕಚ್ಚಿದಂಗೆ?”

“ಹೂಂ. ಅದ್ಕೇ ಅದರ ಕೂಳು ಕಮ್ಮಿ ಮಾಡೋದು.”

ನನಗೆ ಇಷ್ಟು ಸಾಕಾಯಿತು. ಕಾಡಂಚಿನ ಗದ್ದೆಯಲ್ಲಿ ಹಂದಿ ಓಡಿಸುವ ನಮ್ಮ ನಾಯಿ ಮನೆಯ ಕರುವಿಗೇ ಬಾಯಿ ಹಾಕಿದರೆ ಅದರ ಗಂಜಿಯನ್ನು ಅರ್ಧ ಮಾಡುತ್ತೇವೆ. ನಾಲ್ಕು ದಿನದಲ್ಲಿ ಬಾಲ ಮುದುರುತ್ತದೆ. ಗುಳಿಗೆ ನುಂಗುತ್ತಾ ನನ್ನ ಗಂಜಿಯನ್ನೂ ಅರ್ಧ ಮಾಡಿದೆ, ಯಾರಿಗೂ ಹೇಳದೆ. ಎಂಟನೆಯ ದಿನ ಹಾಲು ಕರೆಯಲು ಹೋದವಳು ತಲೆ ತಿರುಗಿ ಸಗಣಿಯ ಮೇಲೆ ಕೂತೆ. ಹಸು ತಿರುಗಿ ನೋಡಿತು. ಸೊಸೆಯೂ ನೋಡಿದಳು. ಹಸು ನಗಲಿಲ್ಲ.

ಮತ್ತೆ ಬಸ್ಸು ಹತ್ತಿ ಹೋಗಿ ಅರ್ಧ ಗಂಜಿಯ ಕತೆ ಹೇಳಿದಾಗ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. “ಅಮ್ಮೇ, ಗುಳಿಗೆ ಮುಚ್ಚೋದು ಆ ಕಣಗಳ ಅಡುಗೆಮನೆ, ನಿಮ್ಮದಲ್ಲ. ಹೊಟ್ಟೆ ತುಂಬ ಉಣ್ಣಿ. ರಕ್ತಪರೀಕ್ಷೆ ತಪ್ಪಿಸಬೇಡಿ. ಕೈ ಹಗುರಾಗಕ್ಕೆ ತಿಂಗಳುಗಳು ಬೇಕು.”

ಹಸು ಅಷ್ಟು ದಿನ ಕಾಯುತ್ತದೆಯೇ? ನನ್ನ ಹಳೆಯ ಸೀರೆಯನ್ನು ಒಗೆಯದೆ ಸೊಸೆಗೆ ಉಡಿಸಿ ಕೊಟ್ಟಿಗೆಗೆ ಕಳಿಸಿದೆ. ಹಸು ಸೆರಗು ಮೂಸಿತು, ಹಾಲು ಬಿಟ್ಟಿತು. ಮಗ ಮಾರುವ ಮಾತು ನಿಲ್ಲಿಸಿದ, ಆದರೆ ಮರೆತಿರಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ಮುಷ್ಟಿ ಕಟ್ಟಲು ಬಂತು. ಹೊಸ ಸೀರೆ ಉಟ್ಟು ಗತ್ತಿನಿಂದ ಹೋಗಿ ಹಸುವಿನ ಪಕ್ಕ ಕೂತೆ. ಮೂಸಿ ನೋಡಿ ಒದ್ದುಬಿಟ್ಟಿತು.

“ಅತ್ತೆ, ನನ್ನ ಸೀರೆ ಬೇಕಾ?” ಎಂದಳು ಸೊಸೆ.

“ನಿಂದಾ? ಬಿಚ್ಚಿಕೊಡೇ ಮೊದ್ಲು.”

ಅದನ್ನೇ ಸುತ್ತಿಕೊಂಡು ಮತ್ತೆ ಕೂತೆ. ಪಾತ್ರೆಗೆ ಹಾಲು ಬೀಳುವ ಸದ್ದು ಮಗನ ಕಿವಿಗೂ ಬೀಳಲಿ ಎಂದು ತುಸು ಜೋರಾಗಿಯೇ ಕರೆದೆ.