ಏಡಿಯ ಬಳಿ, ಅತ್ತೆಯ ಗಂಟಲು

ಸೀಗಡಿ ಚಟ್ನಿ ಅರೆದದ್ದು ಭಾನುವಾರ ಎಂದು ಬಹುಕಾಲ ನಂಬಿದ್ದೆ. ನನ್ನ ಅಂದಿನ ಡೈರಿ ಮಂಗಳವಾರ ಎನ್ನುತ್ತದೆ. ಆ ಪುಟದಲ್ಲಿ ಸೋದರತ್ತೆಯ ಸುದ್ದಿಯೇ ಇಲ್ಲ. "ಚಟ್ನಿ ಚೆನ್ನಾಗಿ ಬಂತು" ಎಂದಷ್ಟೇ ಇದೆ. ಹಾಗಾಗಿ ಇಲ್ಲಿ ಕೆಲವು ವಿವರ ತಪ್ಪಿರಬಹುದು. ನನ್ನ ಪೆದ್ದುತನದ ಭಾಗ ಮಾತ್ರ ಸರಿಯಾಗಿ ನೆನಪಿದೆ.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಮದ್ರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿ, ಅಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಮ್ಮತ್ತಿ ಹತ್ತಿರದ ಎಸ್ಟೇಟಿಗೆ ಮರಳಿದ್ದೆ. ಮನೆಯವರ ಅರೆಭಾಷೆಗೂ ಪುಸ್ತಕದ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದೆ. ಅಪ್ಪನ ಅಕ್ಕ ನಮ್ಮ ಜೊತೆಗಿದ್ದರು; ಡಿಗ್ರಿ ಬಂದ ಮೇಲೂ ನಾನು ಅವರಿಗೆ ಬರೀ 'ಗೂಡೆ', ಹುಡುಗಿ. ಈ ಅತ್ತೆಗೆ ಏಡಿ ಆಗದು. ಚಿಕ್ಕವರಿದ್ದಾಗ ಗದ್ದೆ ಏಡಿಯ ಸಾರು ಉಂಡು, ಗಂಟಲು ಬಾತು ಉಸಿರು ಕಟ್ಟಿತ್ತಂತೆ. ಮಳೆಗಾಲದಲ್ಲಿ ಏಡಿ ಬೇಯುವ ದಿನ ಅವರ ಗಂಜಿಗೆ ಬೇರೆ ಒಲೆ, ಬೇರೆ ಸೌಟು.

ಅಪ್ಪ ವಿರಾಜಪೇಟೆಯಿಂದ ಒಣಸೀಗಡಿ ತಂದರು. ತಲಶ್ಶೇರಿ ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಬಂದ ಮಾಲು, ನಮ್ಮ ಮನೆಗೆ ಹೊಸದು. ಮೊರದಲ್ಲಿ ಹರಡಿ ತಲೆ ಕೀಳುತ್ತಾ ಅತ್ತೆಗೆ ಪಾಠ ಶುರುಮಾಡಿದೆ. ಅವರೇನೂ ಕೇಳಿರಲಿಲ್ಲ. ಕೀಲುಕಾಲಿನ ಜೀವಿಗಳನ್ನು ಸಂಧಿಪದಿಗಳೆಂದರೆ ಅವರಿಗೆ ತಿಳಿಯಲಾರದೆಂದು, ನಮ್ಮ ಗೌಡರ ಕುಲಗಳಾದ ಬಳಿಗಳ ರೀತಿಯಲ್ಲಿ ಹೇಳಿದೆ: ಒಂದೇ ಬಳಿಯವರು ಅಣ್ಣತಮ್ಮಂದಿರು, ಅವರೊಳಗೆ ಮದುವೆಯಿಲ್ಲ, ಸಮುದ್ರದಲ್ಲೂ ಅಂಥ ಬಳಿಗಳಿವೆ.

"ಬಂಡೆಗೆ ತಲೆ ಅಂಟಿಸಿಕೊಂಡು, ಕಾಲಿನಿಂದ ನೀರು ಬಾಚಿ ಬಾಯಿಗೆ ಹಾಕಿಕೊಳ್ಳುವ ಜೀವ ಒಂದಿದೆ ಅತ್ತೆ. ನೋಡಲು ಬರೀ ಚಿಪ್ಪು. ಆದರೆ ಏಡಿಯ ಬಳಿಯದು."

"ಕಾಲ್‌ಲಿ ಉಂಬದಾ? ಹಂಗಾರೆ ಕೈ ತೊಳಿಯೋ ಕೆಲ್ಸ ಇಲ್ಲೆ."

"ಕುದುರೆಲಾಳದ ಏಡಿ ಎಂದು ಇನ್ನೊಂದು. ಹೆಸರು ಮಾತ್ರ ಏಡಿ. ಅದು ಜೇಡ, ಚೇಳುಗಳ ಕಡೆಯದು."

"ನಮ್ಮಲ್ಲೂ ಉಟ್ಟಲ್ಲ, ಮನೆಹೆಸ್ರು ಒಂದೇ, ಬಳಿ ಬೇರೆ. ಈ ಸೀಗಡಿ ಯಾವ ಬಳಿ?"

"ಏಡಿಯ ಖಾಸಾ ತಮ್ಮ. ಹೊರಗೆ ಗಟ್ಟಿ ಚಿಪ್ಪು, ಕೀಲುಕೀಲಾದ ಕಾಲು. ಬೆಳೆಯುವಾಗ ಇಬ್ಬರೂ ಹಳೆಯ ಅಂಗಿ ಕಳಚುತ್ತಾರೆ."

ಅತ್ತೆ ಮೊರವನ್ನು ನೋಡಿದರು. "ಆತ್," ಎಂದರು.

ಪಾಠ ಹೇಳಿದವಳು ನಾನು, ಅರ್ಥ ಮಾಡಿಕೊಂಡವರು ಅವರು. ಅಮ್ಮ ಅಂದು ತವರಿಗೆ ಹೋಗಿದ್ದರು. ಇದ್ದಿದ್ದರೆ ಸೌಟಿನಿಂದ ನನ್ನ ಕೈಗೆ ಬಾರಿಸುತ್ತಿದ್ದರು. ಹುರಿದ ಸೀಗಡಿಗೆ ತೆಂಗಿನಕಾಯಿ, ಒಣಮೆಣಸು, ಹುಳಿ ಸೇರಿಸಿ ಅರೆದೆ. ನನ್ನ ಕೈಯ ಮೊದಲ ಅಡುಗೆ. ಅತ್ತೆಯ ತಟ್ಟೆಗೆ ನಾನೇ ಬಡಿಸಿದೆ.

ಅವರು ಎರಡು ತುತ್ತು ಉಂಡರು. "ಲಾಯ್ಕ್ ಆಗ್ಯುಟ್ಟು ಗೂಡೆ," ಎಂದು ಮೂರನೆಯದನ್ನೂ ಉಂಡರು. ಸ್ವಲ್ಪ ಹೊತ್ತಿಗೆ ತುಟಿ ದಪ್ಪಗಾಯಿತು, ದನಿ ಕುಗ್ಗಿತು. ತರಗತಿಗೇ ಮೊದಲಿಗಳಾದ ನಾನು ಖಾರ ಹೆಚ್ಚಾಯಿತೆಂದು ಮಜ್ಜಿಗೆ ತಂದೆ. ಮಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ. ಆಗ ಎಸ್ಟೇಟಿನ ಕಾಂಪೌಂಡರ್ ಮನೆಗೆ ಬರಿಗಾಲಲ್ಲಿ ಓಡಿದೆ.

ಆತ ಬಂದು ಸೂಜಿ ಚುಚ್ಚುತ್ತಾ, "ಏಡಿ ತಿಂದ್ರಾ?" ಎಂದ.

"ಇಲ್ಲ, ಸೀಗಡಿ," ಎಂದೆ, ಏನೋ ದೊಡ್ಡ ವ್ಯತ್ಯಾಸ ಇದ್ದಂತೆ.

"ಎರಡೂ ಒಂದೇ ಅಲ್ವಾಮ್ಮಾ," ಎಂದ, ಡಿಗ್ರಿ ಇಲ್ಲದ ಆ ಮನುಷ್ಯ.

ಸಂಜೆಯೊಳಗೆ ಅತ್ತೆಯ ಉಸಿರು ಸಲೀಸಾಯಿತು. ನನ್ನ ಮೊದಲ ಅಡುಗೆಯ ಮಾನ ಉಳಿಸಲು ತಿಂದರೋ, ಓದಿದವಳು ಬಡಿಸಿದ್ದು ಕೆಡುಕು ಮಾಡದೆಂದು ನಂಬಿದರೋ ತಿಳಿಯದೆ ಮರುದಿನ ಕೇಳಿಯೇಬಿಟ್ಟೆ. ಅವರು ಕಾಫಿ ಲೋಟ ನನ್ನತ್ತ ಚಾಚಿ, "ಬೆಲ್ಲ ಕಮ್ಮಿ ಆಗ್ಯುಟ್ಟು," ಎಂದರು. ಬೆಲ್ಲ ಹಾಕಿ ತಂದು, ಮತ್ತೆ ಕೇಳಿದೆ:

"ಗೊತ್ತಿದ್ದೂ ಯಾಕೆ ತಿಂದಿರಿ, ಅತ್ತೆ?"